ಹಳೆಯ ಪಂಖಕ್ಕೊಂದು ಪಂಜರ

ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯ ಹಳೆಯ ಮನೆಯೊಂದರ ಅಟ್ಟವನ್ನೇರಿ ನೋಡುವ ಅವಕಾಶ ದೊರೆತವರಿಗೆ, ಗೋಣಿತಟ್ಟಿನಲ್ಲಿ ಸುತ್ತಿಟ್ಟ ಹಂಡೆ, ಗಾಜಿಲ್ಲದ ಕಂದೀಲು, ಕಾಲು ಮುರಿದ ಮಣೆಗಳ ನಡುವೆ, ಎರಕದ ಕಬ್ಬಿಣದ ಪೀಠದ ಮೇಲೆ ಸ್ಥಿರವಾಗಿ ಕುಳಿತಿರುವ ಮೇಜಿನ ವಿದ್ಯುತ್ ಪಂಖವೊಂದು ಆಗಾಗ ಕಣ್ಣಿಗೆ ಬೀಳುವುದುಂಟು. ಅದರ ಮೋಟಾರು ಕೆಟ್ಟಿರಲೇಬೇಕೆಂದೇನೂ ಇಲ್ಲ. ಬೆರಳಿನಿಂದ ಮೆಲ್ಲನೆ ತಳ್ಳಿದರೆ ರೆಕ್ಕೆಗಳು ಇಂದಿಗೂ ಸರಾಗವಾಗಿ ನಾಲ್ಕಾರು ಸುತ್ತು ತಿರುಗಿ, ದಣಿದಂತೆ ನಿಲ್ಲುತ್ತವೆ. ಹಿತ್ತಾಳೆಯ ರೆಕ್ಕೆಗೆ ಕಿಲುಬು ಹಿಡಿದಿದ್ದರೂ ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಹೊಳಪು ಮರಳುತ್ತದೆ. ಇಲ್ಲದಿರುವುದು ಒಂದೇ: ರೆಕ್ಕೆಗಳನ್ನು ಸುತ್ತುವರಿದು ಮನುಷ್ಯನ ಕೈಯನ್ನು ಅವುಗಳಿಂದ ದೂರವಿರಿಸುವ ತಂತಿಯ ಪಂಜರ.

ಯಂತ್ರದ ಅವಯವಗಳಲ್ಲೆಲ್ಲ ಮೊದಲು ನಾಶವಾಗುವುದು ಇದೇ ಎಂಬುದರಲ್ಲಿ ಆಶ್ಚರ್ಯಪಡತಕ್ಕುದೇನೂ ಇಲ್ಲ. ಮೋಟಾರನ್ನು ಎರಕದ ಕವಚ ಕಾಯುತ್ತದೆ, ರೆಕ್ಕೆಗಳನ್ನು ಪಂಜರ ಕಾಯುತ್ತದೆ, ಪಂಜರವನ್ನು ಕಾಯುವವರು ಯಾರೂ ಇಲ್ಲ. ಮೇಜಿನಿಂದ ಪಂಖ ಉರುಳಿದಾಗ ನೆಲಕ್ಕೆ ಮೊದಲು ತಾಗುವುದು ಅದು. ಎತ್ತಿಡುವಾಗ ಎಲ್ಲರೂ ಹಿಡಿದೆತ್ತುವುದು ಅದನ್ನೇ. ಮಲೆನಾಡಿನ ಸೆರಗಿನಲ್ಲಿರುವ ಹಾನಗಲ್ಲಿನಂತಹ ಊರಿನಲ್ಲಿ ಆಷಾಢ ಶ್ರಾವಣಗಳ ತೇವವು ಗೋಡೆಯೊಳಕ್ಕೂ ಇಳಿಯುವಾಗ, ಬಣ್ಣ ಉದುರಿದ ಉಕ್ಕಿನ ತೆಳುತಂತಿಯು ಬೆಸುಗೆಯ ಸಂದುಗಳಿಂದ ಮೊದಲುಗೊಂಡು ತುಕ್ಕು ತಿಂದು ಒಂದೊಂದಾಗಿ ಕಳಚಿ ಬೀಳುತ್ತದೆ. ಹಿತ್ತಾಳೆಯ ಪಂಜರಕ್ಕೆ ಬಂದ ಮೃತ್ಯು ಬೇರೆ ಬಗೆಯದು. ತುಕ್ಕಿನಿಂದ ಉಳಿದುಕೊಂಡ ಅದನ್ನು ಗುಜರಿಯವನ ತಕ್ಕಡಿಯು ತೂಕದ ಲೆಕ್ಕದಲ್ಲಿ ನುಂಗಿತು.

ಇಂತಹ ಪಂಖಗಳು ಈ ಸೀಮೆಗೆ ಬಂದ ಬಗೆಯನ್ನು ಸ್ವಲ್ಪ ತಿಳಿದುಕೊಂಡರೆ ಅವುಗಳ ಬಿಡಿಭಾಗ ಸಿಕ್ಕುವುದು ಏಕೆ ದುರ್ಲಭವೆಂಬುದು ತಾನಾಗಿಯೇ ವ್ಯಕ್ತವಾಗುತ್ತದೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿದು, 1905ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿನ ಬೀದಿಗಳು ವಿದ್ಯುದ್ದೀಪಗಳಿಂದ ಬೆಳಗಿದುವಷ್ಟೆ. ಆದರೆ ಆ ಕಾಲದಲ್ಲಿ ಹಾನಗಲ್ಲು, ಶಿಗ್ಗಾವಿ, ಹಿರೇಕೆರೂರುಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದುವು; ಸವಣೂರು ನವಾಬರ ಆಳ್ವಿಕೆಯ ಪುಟ್ಟ ಸಂಸ್ಥಾನವಾಗಿದ್ದು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಮೈಸೂರಿನ ಬೆಳಕಿಗೂ ಈ ಊರುಗಳ ಕತ್ತಲೆಗೂ ನಡುವೆ ರಾಜ್ಯದ ಗಡಿಯೇ ಇತ್ತು. ಕಚೇರಿಗಳಲ್ಲಿ ಮಾಡಿಗೆ ತೂಗುಹಾಕಿದ ಬಟ್ಟೆಯ ಪಂಖವನ್ನು ಹೊರಗೆ ಕುಳಿತ ಆಳು ಹಗ್ಗದಿಂದ ಎಳೆಯುತ್ತಿದ್ದನು. ಮನೆಗಳಲ್ಲಿ ಲಾವಂಚದ ಬೀಸಣಿಗೆಯೋ ತಾಳೆಗರಿಯ ಬೀಸಣಿಗೆಯೋ ಸಾಕಾಗಿತ್ತು. 1956ರಲ್ಲಿ ಕನ್ನಡನಾಡು ಒಂದಾಗಿ, 1957ರಲ್ಲಿ ವಿದ್ಯುತ್ ಮಂಡಳಿ ಸ್ಥಾಪಿತವಾಗಿ, 1960ರ ದಶಕದ ನಡುವಿನಲ್ಲಿ ಶರಾವತಿಯ ವಿದ್ಯುದಾಗಾರವು ಕೆಲಸಕ್ಕೆ ತೊಡಗಿದ ಮೇಲೆಯೇ ತಂತಿಗಂಬಗಳು ಈ ಭಾಗದ ಹಳ್ಳಿಗಳ ಕಡೆಗೆ ಹೆಚ್ಚಾಗಿ ಮುಖಮಾಡಿದುದು. ಆದುದರಿಂದ ಇಲ್ಲಿಯ ಅಟ್ಟಗಳಲ್ಲಿ ಸಿಕ್ಕುವ ಅತಿ ಹಳೆಯ ಪಂಖಗಳು ಇಲ್ಲಿಯೇ ಹೊಸದಾಗಿ ಕೊಂಡವುಗಳಲ್ಲವೆಂದೂ, ಮುಂಬಯಿಯಲ್ಲಿಯೋ ಹುಬ್ಬಳ್ಳಿಯಲ್ಲಿಯೋ ನೌಕರಿ ಮಾಡಿ ಊರಿಗೆ ಮರಳಿದವರು ಟ್ರಂಕಿನೊಡನೆ ತಂದವುಗಳೆಂದೂ ಊಹಿಸುವುದು ತಪ್ಪಾಗಲಾರದು.

ಹಾಗೆ ಬಂದವುಗಳಲ್ಲಿ ಇಟಲಿಯ ಮಿಲಾನಿನ ಮರೆಲ್ಲಿ ಉಂಟು, ಇಂಗ್ಲೆಂಡಿನ ಜಿ.ಇ.ಸಿ. ಉಂಟು, ಅನಂತರದ ತಲೆಮಾರಿನಲ್ಲಿ ಕಲ್ಕತ್ತೆಯ ಉಷಾ, ಓರಿಯಂಟ್, ಮುಂಬಯಿಯ ಕ್ರಾಂಪ್ಟನ್, ಕಾಶಿಯ ಸಿನ್ನಿಗಳು ಬಂದುವು. ದೇಶಿಯವುಗಳಿಗೆ ಜಾಲರಿ ಹುಡುಕುವುದು ಕಷ್ಟ; ಪರದೇಶಿಯವುಗಳಿಗೆ ಹುಡುಕುವುದು ಕಷ್ಟತರ. ಅಮೆರಿಕದಲ್ಲಾದರೆ ಹಳೆಯ ಪಂಖಗಳ ಸಂಗ್ರಾಹಕರದೇ ಒಂದು ಸಂಘವಿದೆ. ಇಂಡಿಯಾನಾ ರಾಜ್ಯದಲ್ಲಿ ಅವುಗಳಿಗಾಗಿಯೇ ವಸ್ತುಸಂಗ್ರಹಾಲಯವನ್ನು ತೆರೆದಿದ್ದಾರೆ. ಹಳೆಯ ಮಾದರಿಯ ಪಂಜರಗಳನ್ನು ಹೊಸದಾಗಿ ಮಾಡಿ ಮಾರುವ ಕುಶಲಿಗಳೂ ಅಲ್ಲಿದ್ದಾರೆ. ನಮ್ಮಲ್ಲಿ ಇಂತಹ ವ್ಯವಸ್ಥೆ ಇಲ್ಲ. ನಮ್ಮಲ್ಲಿ ಇರುವುದೇನೆಂಬುದನ್ನು ಮುಂದೆ ಹೇಳುತ್ತೇನೆ. ಅದು ಅಲ್ಲಿಯದಕ್ಕಿಂತ ಕಡಿಮೆಯದೆಂದು ನನಗೆ ತೋರುವುದಿಲ್ಲ.

ಮೊದಲು ಪಂಜರದ ಸ್ವರೂಪವನ್ನು ವಿಚಾರಿಸೋಣ. 1880ರ ದಶಕದಲ್ಲಿ ಅಮೆರಿಕದ ಸ್ಕೈಲರ್ ವ್ಹೀಲರ್ ಎಂಬ ತರುಣ ಇಂಜಿನಿಯರನು ವಿದ್ಯುತ್ತಿನ ಮೇಜುಪಂಖವನ್ನು ರಚಿಸಿದಾಗ ಅದಕ್ಕೆ ಇದ್ದುದು ಎರಡು ರೆಕ್ಕೆ, ಪಂಜರವಿರಲಿಲ್ಲ. ಅನಂತರ ಬಂದ ಪಂಜರಗಳು ಕೂಡ ನಾಲ್ಕಾರು ವಕ್ರವಾದ ಕಡ್ಡಿಗಳನ್ನು ಎರಡು ಮೂರು ಬಳೆಗಳಿಗೆ ಬೆಸೆದು ಮಾಡಿದವು. ಅವುಗಳ ಸಂದಿನಲ್ಲಿ ಮಗುವಿನ ಮುಷ್ಟಿಯೇ ಸಲೀಸಾಗಿ ಹೊಕ್ಕುಬಿಡುತ್ತಿತ್ತು. ಬೆಲೆಯುಳ್ಳ ಹಿತ್ತಾಳೆಯ ರೆಕ್ಕೆಗಳು ಬಗ್ಗದಂತೆ ಕಾಪಾಡುವುದೇ ಆ ತಯಾರಕರ ಮನಸ್ಸಿನಲ್ಲಿ ಮೊದಲು ಇದ್ದಿರಬೇಕೆಂದು ಅವುಗಳನ್ನು ನೋಡಿದ ಯಾರಿಗೂ ಅನ್ನಿಸುತ್ತದೆ. ಕಾಲಕ್ರಮದಲ್ಲಿ ಕಡ್ಡಿಗಳು ಹೆಚ್ಚಿದುವು, ಬಳೆಗಳು ಒತ್ತೊತ್ತಾದುವು. ಹಾನಗಲ್ಲಿನ ತಾರಕೇಶ್ವರ ದೇವಾಲಯದ ಮಂಟಪದಲ್ಲಿ ತಲೆಯೆತ್ತಿ ನಿಂತವರು, ವಲಯದ ಮೇಲೆ ವಲಯವಾಗಿ ಕಿರಿದಾಗುತ್ತ ನಡುವಿನ ಕಮಲದಲ್ಲಿ ಮುಗಿಯುವ ಆ ಕಲ್ಲಿನ ಛತ್ತನ್ನು ನೋಡಿರುತ್ತಾರೆ. ಒಳ್ಳೆಯ ಪಂಖದ ಮುಂಭಾಗದ ಜಾಲರಿಯೂ ಅದೇ ಕ್ರಮದಲ್ಲಿ ಒಳಸರಿದು, ಕಮಲದ ಸ್ಥಾನದಲ್ಲಿ ಕಂಪನಿಯ ಹೆಸರಿನ ಬಿಲ್ಲೆಯನ್ನು ಧರಿಸಿರುತ್ತದೆ.

ಇದು ಕೇವಲ ಅಲಂಕಾರವಲ್ಲವೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಹದಿನಾರು ಇಂಚಿನ ಪಂಖವು ನಿಮಿಷಕ್ಕೆ 1350 ಸುತ್ತು ತಿರುಗುವುದಾದರೆ ರೆಕ್ಕೆಯ ತುದಿಯು ಗಂಟೆಗೆ ಸುಮಾರು 100 ಕಿಲೋಮೀಟರಿನ ವೇಗದಲ್ಲಿ ಸಾಗುತ್ತಿರುತ್ತದೆ. ಇಂದಿನ ಪಂಖಗಳ ಹಗುರವಾದ ಪ್ಲಾಸ್ಟಿಕ್ ರೆಕ್ಕೆ ತಾಗಿದರೆ ನೋವಾದೀತು, ಚರ್ಮ ಕಿತ್ತೀತು. ಅಂಚು ಹರಿತವಾಗಿರುವ, ತೂಕವುಳ್ಳ ಹಿತ್ತಾಳೆಯ ರೆಕ್ಕೆಯ ಕತೆಯೇ ಬೇರೆ. ಜಾಲರಿ ಬಿದ್ದುಹೋದ ಹಳೆಯ ಪಂಖವನ್ನು “ದೊಡ್ಡವರಷ್ಟೇ ಇರುವ ಮನೆ, ಏನಾಗುತ್ತದೆ” ಎಂದು ಹಾಗೆಯೇ ಓಡಿಸುವವರಿದ್ದಾರೆ. ಸೆರಗು, ಧೋತರದ ಚುಂಗು, ಜಡೆ ಇವುಗಳಿಗೆ ವಯಸ್ಸಿನ ಭೇದ ತಿಳಿಯದೆಂಬುದನ್ನು ಅವರು ಮರೆಯುತ್ತಾರೆ.

ಇನ್ನು ಹುಡುಕಾಟದ ವಿಚಾರ. ಪಂಖವನ್ನು ಬಗಲಿಗೇರಿಸಿಕೊಂಡು ತಾಲೂಕಿನ ಪೇಟೆಯ ವಿದ್ಯುತ್ ಸಾಮಾನಿನ ಅಂಗಡಿಗೆ ಹೋದವನಿಗೆ ದೊರೆಯುವ ಉತ್ತರ ನಾಲ್ಕು ಊರುಗಳಲ್ಲಿಯೂ ಹೆಚ್ಚುಕಡಿಮೆ ಒಂದೇ.

“ಇದಕ್ಕೊಂದು ಜಾಳಗಿ ಸಿಗತೈತೇನ್ರಿ, ಅಣ್ಣಾರ?”

“ಇದಕ್ಕ ಎಲ್ಲಿ ಸಿಗಬೇಕ್ರಿ ಕಾಕಾರ! ನಮ್ಮಜ್ಜನ ಕಾಲದ್ದೈತಿ. ಗುಜರಿಗೆ ಹಾಕ್ರಿ, ಹೊಸಾದೊಂದು ಕೊಡತೇನಿ.”

ಅಂಗಡಿಯವನ ಮಾತಿನಲ್ಲಿ ದುರುದ್ದೇಶವಿಲ್ಲ. ಅವನು ಮಾರುವ ಜಾಲರಿಗಳು ನಿಜವಾಗಿಯೂ ಇದಕ್ಕೆ ಕೂಡುವುದಿಲ್ಲ. ಈಗಿನ ಪಂಖಗಳಲ್ಲಿ ಹಿಂದಿನ ಜಾಲರಿಯನ್ನು ಮೋಟಾರಿನ ಮೂತಿಗೆ ಸಿಕ್ಕಿಸಿ ಅದರ ಮೇಲೆ ಪ್ಲಾಸ್ಟಿಕಿನ ದೊಡ್ಡ ನಟ್ಟನ್ನು ತಿರುಪಿ ಬಿಗಿಯುತ್ತಾರೆ. ಮುಂದಿನ ಜಾಲರಿಯನ್ನು ಅಂಚಿನ ಕ್ಲಿಪ್ಪುಗಳಿಂದ ಹಿಂದಿನದಕ್ಕೆ ಕಚ್ಚಿಸುತ್ತಾರೆ. ಹಳೆಯ ಪಂಖಗಳಲ್ಲಾದರೋ ಪಂಜರದ ಹಿಂಭಾಗದಿಂದ ಹೊರಟ ಮೂರೋ ನಾಲ್ಕೋ ಕಾಲುಗಳು ಮೋಟಾರಿನ ಎರಕದ ಕವಚಕ್ಕೆ ಸ್ಕ್ರೂಗಳಿಂದ ಭದ್ರವಾಗುತ್ತವೆ. ಆ ಸ್ಕ್ರೂಗಳ ಎಳೆಯೂ ಹೆಚ್ಚಾಗಿ ಇಂಚಿನ ಕಾಲದ್ದು, ಮಿಲಿಮೀಟರಿನ ಸ್ಕ್ರೂ ಅದರಲ್ಲಿ ಎರಡು ಸುತ್ತು ಹೋಗಿ ಕಚ್ಚಿಕೊಳ್ಳುತ್ತದೆ. ಬಲವಂತ ಮಾಡಿ ತಿರುಪಿದವನು ಎರಕದ ಕಿವಿಯನ್ನೇ ಸೀಳಿಕೊಂಡಾನು.

ಆದುದರಿಂದ ಪಂಖವನ್ನು ಹೊತ್ತು ಅಂಗಡಿಯಿಂದ ಅಂಗಡಿಗೆ ಅಲೆಯುವುದಕ್ಕಿಂತ ಮೊದಲು ಮನೆಯಲ್ಲಿಯೇ ಕುಳಿತು ಅಳತೆಗಳನ್ನು ಬರೆದುಕೊಳ್ಳುವುದು ಶ್ರೇಯಸ್ಕರ. ಹಳೆಯ ಪಂಖದ ಜಾಲರಿಯನ್ನು ಕಂಪನಿಯ ಹೆಸರಿನಿಂದ ಹುಡುಕುವವನು ಸೋಲುತ್ತಾನೆ, ಅಳತೆಯಿಂದ ಹುಡುಕುವವನು ಗೆಲ್ಲಲೂಬಹುದು. ರೆಕ್ಕೆಗಳು ಸುತ್ತುವಾಗ ಆಗುವ ವೃತ್ತದ ವ್ಯಾಸ ಮೊದಲನೆಯದು. ಅದು ಸಾಮಾನ್ಯವಾಗಿ ಹನ್ನೆರಡು ಇಂಚೋ ಹದಿನಾರು ಇಂಚೋ ಆಗಿರುತ್ತದೆ. ಕವಚದ ಮೇಲಿನ ಸ್ಕ್ರೂ ತೂತುಗಳ ಸಂಖ್ಯೆಯನ್ನೂ ಅವುಗಳ ಪರಸ್ಪರ ದೂರವನ್ನೂ ಗುರುತಿಸಬೇಕು. ಇದಕ್ಕೆ ಸುಲಭವಾದ ಉಪಾಯವೆಂದರೆ ರೆಕ್ಕೆಯನ್ನು ಕಳಚಿ, ಒಂದು ರಟ್ಟನ್ನು ಕವಚಕ್ಕೆ ಒತ್ತಿ, ತೂತುಗಳ ಗುರುತು ರಟ್ಟಿನ ಮೇಲೆ ಮೂಡುವಂತೆ ಮಾಡಿ ಅದನ್ನೇ ಜೊತೆಯಲ್ಲಿ ಒಯ್ಯುವುದು. ಮೂರನೆಯದು ಆಳ: ಸ್ಕ್ರೂ ಕೂರುವ ಜಾಗದಿಂದ ರೆಕ್ಕೆಯ ಹಿಂದಿನ ಅಂಚಿಗೆ ಎಷ್ಟು, ಮುಂದಿನ ಅಂಚಿಗೆ ಎಷ್ಟು ಎಂಬುದು. ಹೆಚ್ಚಿನವರು ಇದನ್ನು ಮರೆಯುತ್ತಾರೆ. ವ್ಯಾಸ ಸರಿಹೊಂದಿದ ಪಂಜರವನ್ನು ಸಂತೋಷದಿಂದ ಮನೆಗೆ ತಂದು ಬಿಗಿದ ಮೇಲೆ ರೆಕ್ಕೆಯ ಮೂಗು ತಂತಿಗೆ ಉಜ್ಜುವುದನ್ನು ಕಂಡು ಮರುಗುತ್ತಾರೆ. ಸುತ್ತಲೂ ಅರ್ಧ ಇಂಚಿಗೆ ಕಡಿಮೆಯಿಲ್ಲದ ಅಂತರವಿರುವಂತೆ ನೋಡಿಕೊಂಡರೆ ಯಾವ ಭಯವೂ ಇಲ್ಲ.

ಅಳತೆಯ ಚೀಟಿ ಕೈಯಲ್ಲಿದ್ದರೆ ಗುಜರಿಯ ರಾಶಿಯು ಕಸವಾಗಿ ಕಾಣದೆ ಭಂಡಾರವಾಗಿ ಕಾಣತೊಡಗುತ್ತದೆ. ಮೋಟಾರು ಸುಟ್ಟು ಹೋಗಿ ಜಾಲರಿ ಮಾತ್ರ ಉಳಿದಿರುವ ಬೇರೊಂದು ಕಂಪನಿಯ ಪಂಖ ಅಲ್ಲಿ ಬಿದ್ದಿರಬಹುದು. ತೂತುಗಳು ಕೂಡದಿದ್ದರೆ ಕಾಲುಗಳನ್ನು ಕತ್ತರಿಸಿ ಬೇರೆ ಜಾಗದಲ್ಲಿ ಬೆಸೆಯಬಹುದು. ಹುಬ್ಬಳ್ಳಿಯ ಗುಜರಿಗಳು ಈ ಸೀಮೆಗೆ ಸಮೀಪ. ಅಲ್ಲಿಯೂ ಸಿಕ್ಕದಿದ್ದರೆ ಬೆಂಗಳೂರಿನ ಭಾನುವಾರದ ಸಂತೆಯಿದೆ, ಮುಂಬಯಿಯ ಚೋರ್ ಬಜಾರಿದೆ. ಈ ಕೊನೆಯ ಸ್ಥಳದ ವಿಷಯದಲ್ಲಿ ಒಂದು ಎಚ್ಚರಿಕೆ: ಹಿತ್ತಾಳೆಯ ಪಂಜರವೆಂದು ತೋರಿಸಿದ್ದೆಲ್ಲ ಹಿತ್ತಾಳೆಯಾಗಿರುವುದಿಲ್ಲ. ಉಕ್ಕಿನ ತಂತಿಗೆ ಹಿತ್ತಾಳೆಯ ಲೇಪ ಕೊಟ್ಟು ಪುರಾತನವೆಂದು ಮಾರುವ ಜಾಣತನ ಹೊಸದೇನೂ ಅಲ್ಲ. ಜೇಬಿನಲ್ಲೊಂದು ಸಣ್ಣ ಅಯಸ್ಕಾಂತವಿದ್ದರೆ ಸಾಕು. ಅದು ಅಂಟಿಕೊಂಡರೆ ಒಳಗಿರುವುದು ಉಕ್ಕು.

ನನ್ನ ಅಭಿಪ್ರಾಯವನ್ನು ಕೇಳುವುದಾದರೆ, ಇಷ್ಟು ದೂರ ಹೋಗುವುದು ಅನಾವಶ್ಯಕ. ನಮ್ಮಲ್ಲಿರುವ ವ್ಯವಸ್ಥೆಯೆಂದು ನಾನು ಮೇಲೆ ಸೂಚಿಸಿದ್ದು ತಾಲೂಕು ಪೇಟೆಗಳ ಕೈಕಸುಬನ್ನು. ಕೊಳವೆಬಾವಿಗಳ ನೀರಿನಿಂದ ಬೇಸಾಯ ಮಾಡುವ ಈ ತಾಲೂಕುಗಳಲ್ಲಿ ಪಂಪ್‌ಸೆಟ್ಟಿನ ಮೋಟಾರು ಸುಡದ ಬೇಸಿಗೆಯಿಲ್ಲ. ಆದುದರಿಂದ ಮೋಟಾರು ವೈಂಡಿಂಗಿನ ಅಂಗಡಿಯಿಲ್ಲದ ಪೇಟೆಯೂ ಇಲ್ಲ. ಕಿಟಕಿಯ ಗ್ರಿಲ್ಲು, ಟ್ರ್ಯಾಕ್ಟರಿನ ಟ್ರೇಲರು, ಬಾಗಿಲ ಚೌಕಟ್ಟು ಮಾಡುವ ವೆಲ್ಡಿಂಗಿನವರು ಬೀದಿಗೊಬ್ಬರಿದ್ದಾರೆ. ಪುಣೆ ಬೆಂಗಳೂರು ಹೆದ್ದಾರಿ ಹಾದುಹೋಗುವ ಶಿಗ್ಗಾವಿಯಂತಹ ಕಡೆ ಲಾರಿಗಳ ರೇಡಿಯೇಟರಿನ ಸೋರಿಕೆಯನ್ನು ಬೆಸುಗೆಯಿಂದ ಮುಚ್ಚುವ ಕೈಗಳು ದೊರೆಯುತ್ತವೆ. ಈ ಮೂವರ ವಿದ್ಯೆಯನ್ನು ಒಂದೆಡೆ ಸೇರಿಸಿದರೆ ಮಿಲಾನಿನಲ್ಲಿ ಹುಟ್ಟಿದ ಪಂಖಕ್ಕೂ ಹಿರೇಕೆರೂರಿನಲ್ಲಿ ಪಂಜರ ಹುಟ್ಟಬಲ್ಲುದು.

ಆದರೆ ಕೆಲಸವನ್ನು ಯಾರಿಗೆ ಒಪ್ಪಿಸಬೇಕೆಂಬುದರಲ್ಲಿ ವಿವೇಚನೆ ಬೇಕು. ಗ್ರಿಲ್ಲಿನವನ ಆರ್ಕ್ ವೆಲ್ಡಿಂಗು ದಪ್ಪ ಸರಳಿಗೆ ತಕ್ಕುದು. ಎರಡೂವರೆ ಮೂರು ಮಿಲಿಮೀಟರಿನ ತಂತಿಗೆ ಆ ಉರಿ ತಾಗಿದರೆ ತಂತಿ ಕರಗಿ ತೂತಾಗುತ್ತದೆ, ಇಲ್ಲವೆ ಸಂದಿನಲ್ಲಿ ಹುಣ್ಣಿನಂತಹ ಗಂಟು ನಿಲ್ಲುತ್ತದೆ. ಇದಕ್ಕೆ ಗ್ಯಾಸಿನ ಉರಿಯಲ್ಲಿ ಹಿತ್ತಾಳೆಯ ಕಡ್ಡಿ ಕರಗಿಸಿ ಬೆಸೆಯುವವನೇ ಬೇಕು. ಕಾರ್ಖಾನೆಗಳಲ್ಲಿಯಂತೆ ಒತ್ತಿ ಬೆಸೆಯುವ ಸ್ಪಾಟ್ ವೆಲ್ಡಿಂಗಿನ ಯಂತ್ರ ಉಕ್ಕಿನ ತಂತಿಗೆ ದೊರೆತರೆ ಮತ್ತೂ ಒಳಿತು. ರೇಡಿಯೋ ದುರಸ್ತಿಯವರು ಬಳಸುವ ಸೀಸ ತವರಗಳ ಮೆದು ಬೆಸುಗೆಯನ್ನು ಮಾತ್ರ ಒಪ್ಪಬಾರದು, ಏಕೆಂದರೆ ಪಂಖದ ನಿರಂತರ ಕಂಪನಕ್ಕೆ ಅದು ಕೆಲವೇ ತಿಂಗಳಲ್ಲಿ ಬಿರುಕುಬಿಟ್ಟು, ತಂತಿಯೊಂದು ಕಳಚಿ ತಿರುಗುತ್ತಿರುವ ರೆಕ್ಕೆಗೆ ಸಿಕ್ಕಿದರೆ ಕಾಯಬೇಕಾದ ಪಂಜರವೇ ಬಾಣವಾಗುತ್ತದೆ.

ಮಾಡುವ ಕ್ರಮವೂ ಕಠಿಣವಲ್ಲ. ಹೊರಗಿನ ದೊಡ್ಡ ಬಳೆಗೆ ನಾಲ್ಕು ಮಿಲಿಮೀಟರಿನ ಸರಳನ್ನು, ತಕ್ಕ ವ್ಯಾಸದ ಹಳೆಯ ಪುಲ್ಲಿಯ ಸುತ್ತಲೋ ಡಬ್ಬದ ಸುತ್ತಲೋ ಬಗ್ಗಿಸಿ ಬೆಸೆಯುತ್ತಾರೆ. ಪ್ಲೈವುಡ್ಡಿನ ಹಲಗೆಯ ಮೇಲೆ ಕೈವಾರದಿಂದ ವೃತ್ತಗಳನ್ನೂ ಕಡ್ಡಿಗಳ ದಿಕ್ಕನ್ನೂ ಬರೆದು, ಗೆರೆಗಳ ಇಕ್ಕೆಲದಲ್ಲಿ ಮೊಳೆ ಹೊಡೆದು, ತಂತಿಗಳು ಸ್ಥಳಬಿಟ್ಟು ಕದಲದಂತೆ ಕೂರಿಸಿಕೊಂಡರೆ ಬೆಸುಗೆಯ ಸಂದುಗಳು ಸಮನಾಗಿ ಬರುತ್ತವೆ. ಉರಿ ಹಿಡಿಯುವಾಗ ಹಲಗೆ ಸುಡುವುದೆಂದು ಹೆದರುವವರು ಸಂದಿನ ಕೆಳಗೆ ಒಂದು ತುಂಡು ತಗಡನ್ನಿಟ್ಟರಾಯಿತು. ಮೊದಲು ನಾಲ್ಕು ಕಡೆಗಳಲ್ಲಿ ತಾತ್ಕಾಲಿಕವಾಗಿ ಬೆಸೆದು, ಪಂಖಕ್ಕೆ ಹಿಡಿದು ನೋಡಿ, ರೆಕ್ಕೆಯನ್ನು ಕೈಯಿಂದ ತಿರುಗಿಸಿ, ಎಲ್ಲಿಯೂ ತಾಗದೆಂದು ಖಚಿತವಾದ ಮೇಲೆ ಉಳಿದುದನ್ನು ಪೂರ್ತಿಮಾಡಬೇಕು. ಒಂದೇ ಪಟ್ಟಿಗೆ ಎಲ್ಲವನ್ನೂ ಬೆಸೆದು ಮುಗಿಸುವ ಆತುರಗಾರನ ಪಂಜರ ಬಿಸಿಗೆ ಸೊಟ್ಟಗಾಗುತ್ತದೆ. ಕಾಲುಗಳು ಕವಚಕ್ಕೆ ಸೇರುವೆಡೆ ತೆಳುವಾದ ರಬ್ಬರಿನ ವಾಷರು ಹಾಕಿದರೆ ಗುಂಯ್‌ಗುಡುವ ಸದ್ದು ಕಡಿಮೆಯಾಗುತ್ತದೆ. ಕೊನೆಗೆ ಉಕ್ಕಿಗೆ ಬಣ್ಣವೋ ನಿಕ್ಕಲ್ ಲೇಪವೋ ಆಗಬೇಕು. ಹಾನಗಲ್ಲಿನ ಮಳೆಗಾಲ ಬರಿಯ ಉಕ್ಕನ್ನು ಕ್ಷಮಿಸುವುದಿಲ್ಲ. ಪಂಖದ ಹಳೆಯ ಬಣ್ಣವನ್ನು ಒಣಗಿದಂತೆಯೇ ಉಜ್ಜುಕಾಗದದಿಂದ ತಿಕ್ಕುವುದು ಬೇಡ. ಆ ಕಾಲದ ಬಣ್ಣಗಳಲ್ಲಿ ಸೀಸವಿರುವ ಸಂಭವ ಉಂಟು, ಅದರ ಧೂಳು ಮಕ್ಕಳಿಗೆ ವಿಷ. ಒದ್ದೆಮಾಡಿ ತಿಕ್ಕಿ, ಕೊಳೆಯನ್ನು ಬಟ್ಟೆಯಲ್ಲಿ ಒರಸಿ ಎಸೆಯುವುದು ಲೇಸು.

ಸಂದುಗಳ ಅಗಲವೆಷ್ಟಿರಬೇಕು? ಇಲ್ಲಿ ಸಂಗ್ರಾಹಕರಿಗೂ ನನಗೂ ಭಿನ್ನಾಭಿಪ್ರಾಯ. ನಾಲ್ಕು ಕಡ್ಡಿಯ ಮೂಲ ಪಂಜರವಿದ್ದ ಪಂಖಕ್ಕೆ ನಾಲ್ಕು ಕಡ್ಡಿಯದೇ ಆಗಬೇಕು, ಇಲ್ಲದಿದ್ದರೆ ಅದರ ಪ್ರಾಚೀನತೆಗೆ ಭಂಗ ಎನ್ನುವವರ ರಸಿಕತೆಯನ್ನು ನಾನು ಗೌರವಿಸುತ್ತೇನೆ. ಗಾಜಿನ ಕಪಾಟಿನಲ್ಲಿ ಇಡತಕ್ಕ ಪಂಖಕ್ಕೆ ಅದು ಯುಕ್ತವೂ ಹೌದು. ಮನೆಯಲ್ಲಿ ಓಡಿಸತಕ್ಕ ಪಂಖದ ವಿಚಾರ ಬೇರೆ. ವಿದ್ಯುತ್ ಉಪಕರಣಗಳ ತೆರಪುಗಳನ್ನು ಪರೀಕ್ಷಿಸಲು ಅಂತಾರಾಷ್ಟ್ರೀಯ ನಿಯಮಗಳಲ್ಲಿ ಕೃತಕ ಬೆರಳೊಂದನ್ನು ಗೊತ್ತುಮಾಡಿದ್ದಾರೆ. ಅದರ ದಪ್ಪ 12 ಮಿಲಿಮೀಟರು, ಉದ್ದ 80 ಮಿಲಿಮೀಟರು. ಮಗುವಿನ ಬೆರಳು ಅದಕ್ಕಿಂತಲೂ ಸಣ್ಣದು. ನಮ್ಮ ದೇಶದಲ್ಲಿಯೂ ಮೇಜಿನ ಪಂಖಗಳಿಗೆ ಐ.ಎಸ್. 555 ಎಂಬ ಮಾನಕವೇ ಇರುವಾಗ, ನೂರು ವರ್ಷದ ಹಿಂದಿನ ಅಜಾಗರೂಕತೆಯನ್ನು ಪರಂಪರೆಯೆಂದು ಪೂಜಿಸುವುದರಲ್ಲಿ ಅರ್ಥವಿಲ್ಲ. ಕಡ್ಡಿಗಳನ್ನು ಒತ್ತಾಗಿಯೇ ಕೂರಿಸಿ. ಹಾಗೆಂದು ಕೋಳಿಗೂಡಿನ ಜಾಲರಿಯನ್ನೋ ಸೊಳ್ಳೆಪರದೆಯನ್ನೋ ಸುತ್ತಿ ಕೈತೊಳೆದುಕೊಳ್ಳಬಾರದು. ಗಾಳಿ ಕಟ್ಟಿ ಮೋಟಾರು ಬಿಸಿಯೇರುತ್ತದೆ, ಸಡಿಲವಾದ ಬಲೆಯನ್ನು ರೆಕ್ಕೆಯು ಒಳಗೆಳೆದುಕೊಳ್ಳುತ್ತದೆ.

ಇನ್ನೊಂದು ಸಂಗತಿಯನ್ನು ಹೇಳದಿದ್ದರೆ ಈ ಲೇಖನ ಅಪಾಯಕಾರಿಯಾದೀತು. ಪಂಜರವು ಲೋಹದ್ದು, ಅದು ಕೂರುವ ಕವಚವೂ ಲೋಹದ್ದು. ಒಳಗಿನ ಬಟ್ಟೆ ಸುತ್ತಿದ ತಂತಿಯ ರಬ್ಬರು ಒಣಗಿ ಉದುರಿದ್ದರೆ, ಬೆರಳನ್ನು ಕಾಯಲೆಂದು ನಾವು ಹಾಕಿಸಿದ ಹೊಸ ಪಂಜರದ ಮೈತುಂಬ ವಿದ್ಯುತ್ತು ಸಂಚರಿಸುತ್ತಿರುತ್ತದೆ. ಆದುದರಿಂದ ಜಾಲರಿಯ ಕೆಲಸಕ್ಕೆ ಮೊದಲೇ ವೈಂಡಿಂಗಿನ ಅಂಗಡಿಯಲ್ಲಿ ಪಂಖವನ್ನು ಬಿಚ್ಚಿಸಿ, ಹಳೆಯ ತಂತಿ ತೆಗೆಸಿ ಮೂರು ತಂತಿಯ ಹೊಸ ವೈರನ್ನೂ ಮೂರು ಕಾಲಿನ ಪ್ಲಗ್ಗನ್ನೂ ಹಾಕಿಸಿ, ಅರ್ಥಿಂಗಿನ ತಂತಿಯನ್ನು ಕವಚಕ್ಕೆ ಬಿಗಿಸಬೇಕು. ಮೈಗೆ ಕರೆಂಟು ಇಳಿದಿದೆಯೇ ಎಂಬುದನ್ನು ಸೀರೀಸ್ ಬಲ್ಬಿನಿಂದ ನೋಡುವ ರೂಢಿಯಿದೆ. ತಂತಿಯ ಹೊದಿಕೆಯ ನಿರೋಧವನ್ನು ಅಳೆಯುವ ಮೆಗ್ಗರ್ ಎಂಬ ಉಪಕರಣವಿರುವ ಅಂಗಡಿ ಸಿಕ್ಕರೆ ಅದರಿಂದಲೇ ನೋಡಿಸುವುದು ಉತ್ತಮ. ಪಂಖದ ತಗಡಿನ ಮೇಲೆ ಡಿ.ಸಿ. ಎಂದು ಕೆತ್ತಿದ್ದರೆ ಅದನ್ನು ಮನೆಯ ಸಾಕೆಟ್ಟಿಗೆ ಸಿಕ್ಕಿಸಲೇಬಾರದು. ಕಲ್ಕತ್ತೆಯಂತಹ ನಗರಗಳಲ್ಲಿ ಹಿಂದೆ ಏಕಮುಖ ವಿದ್ಯುತ್ತಿನ ಪೂರೈಕೆಯಿದ್ದುದರಿಂದ ಅಂತಹ ಪಂಖಗಳು ಬೇಕಾದಷ್ಟು ತಯಾರಾದುವು. ಅಮೆರಿಕದಿಂದ ಬಂದವುಗಳ ಮೇಲೆ 110 ವೋಲ್ಟೆಂದಿದ್ದರೆ ನಮ್ಮ 230 ವೋಲ್ಟು ಅವುಗಳನ್ನು ಕ್ಷಣಾರ್ಧದಲ್ಲಿ ಸುಟ್ಟುಬಿಡುತ್ತದೆ.

ಇಷ್ಟೆಲ್ಲ ಮಾಡಿಸಲು ತಗಲುವ ವೆಚ್ಚವು ಹೊಸದೊಂದು ಸಾಧಾರಣ ಪಂಖದ ಬೆಲೆಯನ್ನು ಮೀರಬಹುದು. ಅದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ಲಾಭನಷ್ಟದ ಲೆಕ್ಕದಲ್ಲಿ ಅಂಗಡಿಯವನ ಸಲಹೆಯೇ ಸರಿ. ಅಜ್ಜನು ಮುಂಬಯಿಯಿಂದ ಹೊತ್ತು ತಂದ ವಸ್ತುವನ್ನು ಲಾಭನಷ್ಟದ ಲೆಕ್ಕದಲ್ಲಿ ಅಳೆಯಲು ಮನಸ್ಸೊಪ್ಪದವರಿಗಾಗಿ ಮಾತ್ರ ಇಷ್ಟು ಬರೆದುದಾಯಿತು. ಅಂತಹವರು ಒಂದನ್ನು ದಯವಿಟ್ಟು ನಡೆಸಿಕೊಡಬೇಕು: ಪಂಜರ ಸಿದ್ಧವಾಗಿ ಸ್ಕ್ರೂ ಬಿಗಿಯುವ ತನಕ, ಒಮ್ಮೆ ಓಡಿಸಿ ನೋಡೋಣವೆಂಬ ಆಸೆ ಯಾರಿಗೂ ಬಾರದಂತೆ, ಪಂಖದ ಪ್ಲಗ್ಗನ್ನು ಬಿಚ್ಚಿ ತೆಗೆದಿಡಿ.